ಸುಣ್ಣದ ಗೆರೆಯ ಪಾರ್ಕು

ಸುಣ್ಣದ ಪುಡಿಯ ವಾಸನೆ ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಇವತ್ತು ಬೆಳಿಗ್ಗೆ ನಮ್ಮ ಓಣಿಯ ಬಯಲಿನಲ್ಲಿ ಅದೇ ವಾಸನೆ. ಹೊಸ ಇಂಜಿನಿಯರೊಬ್ಬರು ನಕ್ಷೆ ಹಿಡಿದು ಗೆರೆ ಹಾಕಿಸುತ್ತಿದ್ದಾರೆ. ಪಾರ್ಕಂತೆ! ನಗಬೇಡಿ, ಕೂಡ್ಲಿಗಿಯ ನಮ್ಮ ಓಣಿಗೆ ಇದು ಎರಡನೆಯ ಪಾರ್ಕು.

ಮೊದಲನೆಯದನ್ನು ಹಾಕಿದವನು ನಾನೇ. ಎರಡು ಸಾವಿರದ ಇಸವಿಯ ಆಸುಪಾಸು. 'ಜನರ ಸಹಭಾಗಿತ್ವ' ಎಂಬ ಮಾತು ಆಗಷ್ಟೇ ನಮ್ಮೂರಿಗೆ ಬಸ್ಸಿಳಿದಿತ್ತು. ಓಣಿಯವರು ಸೇರಿ ಕಮಿಟಿ ಮಾಡಿದರು. ಭೂಗೋಳ ಹೇಳುವ ಮೇಷ್ಟ್ರಿಗೆ ನಕ್ಷೆ ಗೊತ್ತಿರದೆ ಇರುತ್ತದೆಯೇ ಎಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ಆಗಿನ ಇಂಜಿನಿಯರು ಅಕ್ಷರವೇ ಇಲ್ಲದ, ಬರೀ ಗಿಡದ ಚಿತ್ರ ಮತ್ತು ಚೌಕಗಳ ನಕ್ಷೆಯನ್ನು ಕೈಗಿತ್ತು, "ಸಣ್ಣ ಚೌಕ ಶೌಚಾಲಯ. ಗೆರೆ ಹಾಕಿ ಜನಕ್ಕೆ ತೋರಿಸ್ರಿ" ಎಂದು ಹೊರಟುಹೋದರು. ನಾನು ಗತ್ತಿನಿಂದ ಗೆರೆ ಹಾಕಿಸಿದೆ: ಇಲ್ಲಿ ಗೋಡೆ, ಇಲ್ಲಿ ಗೇಟು, ಬೇವಿನ ಗಿಡದ ಬುಡಕ್ಕೆ ಶೌಚಾಲಯ.

ಆ ಬುಡದಲ್ಲಿ ಕೊಟ್ರಮ್ಮ ಮೆಣಸಿನಕಾಯಿ ಬಜ್ಜಿ, ಅಂದರೆ ನಮ್ಮ ಕಡೆಯ ಮಿರ್ಚಿ, ಕರಿಯುತ್ತಿದ್ದಳು. ಗಂಡನಿಲ್ಲದ ಆಕೆಯ ಮನೆ ನಡೆಯುತ್ತಿದ್ದುದು ಆ ಬಾಣಲೆಯಿಂದಲೇ.

"ಮೇಷ್ಟ್ರ, ನನ್ನ ಒಲಿ ಎಲ್ಲಿಗಿ ಒಯ್ಲಿ?"

"ಬರೇ ಸುಣ್ಣದ ಗೆರಿ ಅದು ಕೊಟ್ರಮ್ಮ. ತಕರಾರಿದ್ರ ಬರದು ಕೊಡು" ಎಂದೆ, ನಕ್ಷೆಯನ್ನು ಆಕೆಯ ಮುಂದೆ ಹಿಡಿದು. ಆಕೆಗೆ ಓದು ಬರಹ ಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಶುರುವಾಯಿತು ನೋಡಿ ತಮಾಷೆ. ಇಲ್ಲದ ಗೋಡೆಯನ್ನು ಯಾರೂ ದಾಟಲೊಲ್ಲರು! ಸೈಕಲ್ಲಿನವರು ಸುತ್ತು ಹಾಕಿ ಗೇಟಿಗೇ ಬಂದರು. ಕುರಿ ಕಾಯುವ ಬೊಮ್ಮಣ್ಣ ಇಡೀ ಹಿಂಡನ್ನು ಗೇಟಿನಿಂದಲೇ ಹೊಡೆದುಕೊಂಡು ಹೋದ. ನಾನು ಹಿಗ್ಗಿದೆ. ಆದರೆ ಕೊಟ್ರಮ್ಮನ ಮಿರ್ಚಿ ಕೇಳುವವರೇ ಇಲ್ಲ.

"ಪಾಯಖಾನ್ಯಾಗ ಕುಂತು ಮಿರ್ಚಿ ತಿನ್ನಾಕ ಆಗ್ತೈತೇನ್ರಿ?" ಎಂದ ಬೊಮ್ಮಣ್ಣ, ಮೂಗು ಮುಚ್ಚಿಕೊಂಡು. ಬರುತ್ತಿದ್ದುದು ಎಣ್ಣೆಯ ಘಮ ಮಾತ್ರ.

ಆ ಸಂಜೆ ಮನೆಯಲ್ಲಿ ನಕ್ಷೆ ಬಿಚ್ಚಿದೆ. ಉತ್ತರ ದಿಕ್ಕಿನ ಬಾಣ ನನ್ನ ಹೊಟ್ಟೆಯ ಕಡೆ ಇತ್ತು. ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆ! ಶೌಚಾಲಯ ಇರಬೇಕಾದದ್ದು ಆಚೆ ತುದಿಯ ಜಾಲಿ ಪೊದೆಯ ಹತ್ತಿರ. ಒಪ್ಪಿಕೊಂಡರೆ ಭೂಗೋಳದ ಮೇಷ್ಟ್ರ ಮರ್ಯಾದೆ ಏನಾಗಬೇಕು? ನಕ್ಷೆ ಮಡಚಿ ಟ್ರಂಕಿನಲ್ಲಿಟ್ಟೆ. ಆ ಬೇಸಿಗೆಯಿಡೀ ಕೊಟ್ರಮ್ಮ ತಲೆಗೆ ಸೆರಗು ಹೊದ್ದು, ಗೇಟಿನ ಹೊರಗೆ ಸುಡು ಬಿಸಿಲಲ್ಲಿ ಒಲೆ ಹೂಡಿದಳು. ನಾನು ದಿನಾ ಎರಡು ಪ್ಲೇಟು ತಿಂದೆ, ನಾಚಿಕೆಗೆಟ್ಟವನು. ಮಳೆ ಬಂದು ಗೆರೆ ತೊಳೆದ ಮೇಲೆಯೇ ಆಕೆ ನೆರಳಿಗೆ ಮರಳಿದ್ದು. ಪಾರ್ಕು ಬರಲೇ ಇಲ್ಲ.

ಇವತ್ತು ತಡೆಯಲಾಗಲಿಲ್ಲ. ಅದೇ ಬೇವಿನ ಕೆಳಗೆ, ಹಲ್ಲುದುರಿದ ಕೊಟ್ರಮ್ಮನ ಎದುರು ಕೂತು ಎಲ್ಲ ಹೇಳಿಬಿಟ್ಟೆ.

"ನನಗ ಅವತ್ತೇ ಗೊತ್ತಿತ್ತು ಬಿಡ್ರಿ ಮೇಷ್ಟ್ರ," ಎಂದಳು ಹಿಟ್ಟು ಕಲಸುತ್ತ. "ನಿಮ್ಮ ಹಾಳ್ಯಾಗ ಬೇವಿನ ಗಿಡ ಬೇರು ಮ್ಯಾಲ ಮಾಡಿ ನಿಂತಿತ್ತಲ್ಲ."

"ಮತ್ತ ಯಾಕ ಹೇಳಲಿಲ್ಲ?"

"ಬರದು ಕೊಡು ಅಂದಿದ್ರಲ್ಲ."

ಎದ್ದುಹೋಗಿ ಇಂಜಿನಿಯರ ಹತ್ತಿರ ಹೊಸ ನಕ್ಷೆ ಕೇಳಿ ತಂದು ಆಕೆಯ ಮುಂದೆ ಹಿಡಿದೆ. ಕೊಟ್ರಮ್ಮ ಹಿಟ್ಟಿನ ಕೈಯಿಂದ ಅದನ್ನು ತಿರುಗಿಸಿ, ಗಿಡದ ಬೇರು ಕೆಳಗೆ ಬರುವಂತೆ ಹಿಡಿದಳು.