ಕಯಲ್‌ವಿಳಿಯ ಗುಮಾನಿ

ಕಯಲ್‌ವಿಳಿ ಹುಟ್ಟಿನಿಂದಲೇ ಸಂಶಯದ ಹೆಂಗಸು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪೆರುಂಗುಡಿಯ ಬಾಡಿಗೆ ಮನೆಯೊಂದರಲ್ಲಿ ನಮ್ಮ ಕಂಪನಿ ಶುರುವಾದಾಗಿನಿಂದ ನಾನು ಅವಳನ್ನು ಬಲ್ಲೆ. ಅಂಗಡಿಗಳು ಮನೆಮನೆಗೆ ಸಾಮಾನು ಕಳಿಸಲು ಬೇಕಾದ ಆ್ಯಪ್ ಮಾಡುತ್ತಿದ್ದೆವು. ನಾನು ಲೆಕ್ಕಪತ್ರ ನೋಡುತ್ತಿದ್ದೆ, ಅವಳು ಫೋನ್ ಎತ್ತುತ್ತಿದ್ದಳು. ಆ್ಯಪ್ ಕೈಕೊಟ್ಟಾಗಲೆಲ್ಲ ಅಂಗಡಿಯವರ ಬೈಗುಳ ಬೀಳುತ್ತಿದ್ದದ್ದು ಅವಳ ಕಿವಿಗೆ. ಅದಕ್ಕೂ ಮೊದಲು ಚೆಂಗಲ್ಪಟ್ಟಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳಾದ್ದರಿಂದ ದನಿ ಏರಿಸದೆ ಗದರುವುದು ಗೊತ್ತಿತ್ತು.

"ಅಣ್ಣಾಚಿ, ನೀವು ಪೂರ್ತಿ ಬೈದುಬಿಡಿ, ನಾನು ಕಾಯ್ತೀನಿ. ಆಮೇಲೆ ಏನು ಕೆಟ್ಟಿದೆ ಅಂತ ಹೇಳಿ," ಅಂತ ತಿರುನೆಲ್ವೇಲಿಯ ಹಲ್ವಾ ಅಂಗಡಿಯ ಯಜಮಾನರಿಗೆ ಒಮ್ಮೆ ಹೇಳಿದಳು. ಆ ಕಡೆ ಅಂಗಡಿ ಯಜಮಾನರನ್ನು ಅಣ್ಣಾಚಿ, ಅಂದರೆ ದೊಡ್ಡಣ್ಣ, ಅಂತಲೇ ಕರೆಯುವುದು. ಆ ಮನುಷ್ಯ ನಕ್ಕುಬಿಟ್ಟರು. ಅಲ್ಲಿಂದ ಮುಂದೆ ಕಯಲ್ ಇಲ್ಲದಿದ್ದರೆ ಅವರು ಫೋನ್ ಇಟ್ಟುಬಿಡುತ್ತಿದ್ದರು.

ಕಂಪನಿ ಕಟ್ಟಿದ ಇಳಂಪರಿದಿ ಆಗ ಬೀದಿಗಿಳಿದು ಎಲ್ಲರಿಗೂ ತಾನೇ ಟೀ ತರುತ್ತಿದ್ದ. ಕಯಲ್‌ಳ ಅಮ್ಮನ ಹೃದಯದ ಆಪರೇಷನ್ನಿಗೆ ರಕ್ತ ಕೊಟ್ಟವನೂ ಅವನೇ. ಅವಳ ಡಿಗ್ರಿ ಯಾವುದೆಂದು ಅಲ್ಲಿ ಯಾರೂ ಕೇಳಲಿಲ್ಲ. ಹೊಸ ಕೆಲಸ ಬಂದ ಹಾಗೆ ಕಲಿತಳು, ನೋಡನೋಡುತ್ತ ದಕ್ಷಿಣದ ಜಿಲ್ಲೆಗಳ ಅಂಗಡಿಗಳೆಲ್ಲ ಅವಳ ಉಸ್ತುವಾರಿಗೆ ಬಂದವು.

"ಅಕ್ಕಾ, ಶಾಲೇಲಿ ನಾನು ಹೆಡ್‌ಮಿಸ್ ಆಗ್ಬೇಕಂದ್ರೆ ಇನ್ನೊಬ್ಬರು ರಿಟೈರ್ ಆಗ್ಬೇಕಿತ್ತು," ಅನ್ನುತ್ತಿದ್ದಳು ನನಗೆ. "ಇಲ್ಲಿ ಯಾರನ್ನೂ ಎಬ್ಬಿಸದೇನೇ ಕುರ್ಚಿ ಸಿಗುತ್ತೆ ನೋಡಿ."

ಆಮೇಲೆ ಹೊರಗಿನ ಬಂಡವಾಳ ಬಂತು, ಶೋಳಿಂಗನಲ್ಲೂರಿನಲ್ಲಿ ಗಾಜಿನ ಕಟ್ಟಡ ಬಂತು. ಮಧ್ಯಾಹ್ನದ ಊಟ ಪುಕ್ಕಟೆ, ವಾರಕ್ಕೊಮ್ಮೆ ಮೀನಿನ ಸಾರು. ಪ್ರತಿ ಸೋಮವಾರ ಹೊಸ ಮುಖಗಳು. ಅವರಲ್ಲೊಬ್ಬ ಕಯಲ್‌ಳನ್ನೇ "ನೀವು ಹೊಸಬರಾ?" ಅಂತ ಕೇಳಿದ. ಒಬ್ಬ ಮೇಲಧಿಕಾರಿಯ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ಮೀಟಿಂಗ್ ಕೋಣೆಗಳಿಗೆಲ್ಲ ಗಿರಿಧಾಮಗಳ ಹೆಸರು ಇಟ್ಟಿದ್ದರು. ಕೊನೆಯ ಕೋಣೆ ಕೊಡೈಕೆನಾಲ್. ಕೆಲಸದಿಂದ ತೆಗೆಯುವವರನ್ನು ಅಲ್ಲಿಗೇ ಕರೆಯುತ್ತಿದ್ದರು. ಅದಕ್ಕೇ ಯಾರಾದರೂ ಕಾಣದಿದ್ದರೆ, "ಕೊಡೈಗೆ ಹೋದ್ರಾ?" ಅಂತ ಕೇಳುವುದು ನಮ್ಮಲ್ಲಿ ತಮಾಷೆಯಾಗಿತ್ತು. ಕೇಳಿದವರು ನಗುತ್ತಿದ್ದರು, ತಮ್ಮ ಫೋನನ್ನೂ ಒಮ್ಮೆ ನೋಡಿಕೊಳ್ಳುತ್ತಿದ್ದರು.

ಹಾಗಿರುವಾಗ ವಸುಧಾರಿಣಿ ಎಂಬ ಹೊಸ ಮೇಲಧಿಕಾರಿ ಬಂದಳು. ನಗುಮುಖದವಳು. ಬಂದವಳೇ ಕಯಲ್ ಪಕ್ಕ ಇಬ್ಬರು ಹುಡುಗಿಯರನ್ನು ಕೂರಿಸಿದಳು: ವಾಣಿಯಂಬಾಡಿಯ ಮೆಹರುನ್ನಿಸಾ, ತೂತ್ತುಕ್ಕುಡಿಯ ಆರೋಕ್ಯಮೇರಿ.

"ನಿಮ್ಮ ಕೆಲಸ ಎಲ್ಲಾ ಇವರಿಗೆ ಕಲಿಸಿ, ಕಯಲ್. ನಿಮ್ಮ ಕರೆಗಳನ್ನೂ ಇನ್ಮೇಲೆ ರೆಕಾರ್ಡ್ ಮಾಡ್ತೀವಿ."

"ಯಾಕೆ ಮೇಡಂ?"

"ಕಲಿಯೋಕೆ ಅಷ್ಟೇ."

ಅವತ್ತು ಊಟಕ್ಕೆ ಕೂತಾಗ ಕಯಲ್ ತಟ್ಟೆ ಮುಟ್ಟಲಿಲ್ಲ. "ನನ್ನ ಬಾಯಿಂದಲೇ ಎಲ್ಲಾ ತೆಗೆಸಿಕೊಂಡು ನನ್ನನ್ನೇ ಹೊರಗೆ ಹಾಕ್ತಾರೆ ಅಕ್ಕಾ. ಆ ಹುಡುಗಿಯರು ನನ್ನ ಕುರ್ಚಿಗೇ ಬಂದಿರೋದು. ಮೆಹರ್ ನೋಡಿ, ಅಕ್ಕಾ ಅಕ್ಕಾ ಅಂತ ಸುತ್ತುತ್ತಾಳೆ."

"ಕಲಿಯೋಳು ಸುತ್ತದೆ ಇನ್ನೇನು ಮಾಡ್ತಾಳೆ?" ಅಂದೆ.

"ನಿಮಗೇನು, ಲೆಕ್ಕ ಬರೆಯೋರನ್ನ ಯಾರೂ ಕಳಿಸಲ್ಲ," ಅಂದು ಎದ್ದು ಹೋದಳು. ಆಮೇಲೆ ನನ್ನ ಹತ್ತಿರವೂ ಮಾತು ಕಡಿಮೆಯಾಯಿತು. ವಸುಧಾರಿಣಿ ಜೊತೆ ನಾನು ಲಿಫ್ಟಿನಲ್ಲಿ ಇಳಿದದ್ದನ್ನು ಕಂಡಿದ್ದಳಂತೆ.

ಹುಡುಗಿಯರಿಗೆ ಕಲಿಸಿದಳು, ಆದರೆ ಅರ್ಧರ್ಧ. ತಿರುನೆಲ್ವೇಲಿ ಅಣ್ಣಾಚಿಗೆ ಹಲ್ವಾದ್ದೊಂದು, ಚಕ್ಕುಲಿಯದ್ದೊಂದು ಅಂತ ಎರಡು ಅಂಗಡಿ, ಎರಡಕ್ಕೂ ಒಂದೇ ಹೆಸರು. ಆರ್ಡರ್ ವಿಪರೀತ ಬಂದರೆ ಆ್ಯಪ್‌ನಲ್ಲಿ ಎರಡೂ ಕಲಸಿಹೋಗುತ್ತಿದ್ದವು, ಮೊದಲೇ ಒಂದು ಅಂಗಡಿಯ ಆರ್ಡರ್ ನಿಲ್ಲಿಸಬೇಕಿತ್ತು. ಇದನ್ನು ಬೇಕೆಂದೇ ಮುಚ್ಚಿಟ್ಟಳು. ನನಗೆ ಇದೆಲ್ಲ ಅವಳೇ ಹೇಳಿದ್ದು ಎಷ್ಟೋ ದಿನದ ಮೇಲೆ.

ದೀಪಾವಳಿಯ ಹಿಂದಿನ ದಿನ ಅಣ್ಣಾಚಿಯ ಅಂಗಡಿ ನೋಡಿಕೊಳ್ಳುವ ಪಾಳಿ ಮೆಹರುನ್ನಿಸಾಳದು. ಆರ್ಡರುಗಳು ಕಲಸಿದವು. ಹಲ್ವಾ ಕೇಳಿದವರಿಗೆ ಚಕ್ಕುಲಿ, ಚಕ್ಕುಲಿಯವರಿಗೆ ಏನೂ ಇಲ್ಲ. ಅಣ್ಣಾಚಿ ಅರಚಿದ ಅರಚಾಟ ಪಕ್ಕದ ಸಾಲಿಗೂ ಕೇಳಿಸಿತು. ಹುಡುಗಿ ಫೋನ್ ಹಿಡಿದುಕೊಂಡೇ, "ಏನು ಮಾಡ್ಲಿ ಅಕ್ಕಾ?" ಅಂತ ತಿರುಗಿದಳು. ಕಯಲ್ ಫೋನ್ ಕಸಿದುಕೊಂಡು ಒಂದು ಅಂಗಡಿ ನಿಲ್ಲಿಸಿ ಎಲ್ಲ ಸರಿ ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಸುಧಾರಿಣಿ ಮಾತ್ರ ಮೆಹರುನ್ನಿಸಾಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಳು. "ಇಷ್ಟು ದಿನ ಏನು ಕಲಿತೆ ನೀನು?"

ಹುಡುಗಿ ಕಯಲ್‌ಳನ್ನು ದೂರಲಿಲ್ಲ. ತಲೆ ತಗ್ಗಿಸಿ ನಿಂತಳು. ಅದನ್ನು ಕಯಲ್‌ಗೆ ನೋಡಲಾಗಲಿಲ್ಲ.

ಹಬ್ಬ ಕಳೆದ ಮೇಲೆ ಅವಳೇ ವಸುಧಾರಿಣಿಯ ಬಳಿ ಹೋದಳು. "ತಪ್ಪು ಅವಳದಲ್ಲ ಮೇಡಂ. ನಾನು ಹೇಳಿಕೊಡಲಿಲ್ಲ. ನನ್ನನ್ನ ಕಳಿಸೋದಾದ್ರೆ ಈಗಲೇ ಹೇಳಿ, ಕಾಯೋಕೆ ನನ್ನ ಕೈಲಾಗಲ್ಲ."

ವಸುಧಾರಿಣಿ ಬಾಗಿಲು ಹಾಕಿದಳು. "ನಿಮ್ಮನ್ನ ಯಾರು ಕಳಿಸ್ತಾರೆ? ರೆಕಾರ್ಡ್ ಮಾಡ್ತಿರೋದು ಮೆಷಿನ್‌ಗೆ ಕಲಿಸೋಕೆ. ಮುಂದಿನ ತಿಂಗಳಿಂದ ಕರೆಗೆ ಅದೇ ಉತ್ತರ ಕೊಡುತ್ತೆ. ಅದನ್ನ ನೋಡಿಕೊಳ್ಳೋಕೆ ನೀವಿರ್ತೀರಿ."

"ಮತ್ತೆ ಆ ಹುಡುಗಿಯರು?"

"ಅಲ್ಲೀವರೆಗೆ ಕರೆ ಎತ್ತೋಕೆ ಆಳು ಬೇಕಿತ್ತು. ಆಮೇಲೆ ಬೇಡ. ಇದು ನಿಮ್ಮಲ್ಲೇ ಇರಲಿ."

ಗುಮಾನಿ ಸುಳ್ಳಾಗಿರಲಿಲ್ಲ, ಗುರಿ ತಪ್ಪಿತ್ತು. ಕಯಲ್ ಹೊರಗೆ ಬಂದವಳೇ ಹುಡುಗಿಯರಿಬ್ಬರನ್ನೂ ಕೆಳಗಿನ ಟೀ ಅಂಗಡಿಗೆ ಕರೆದೊಯ್ದು ಎಲ್ಲ ಹೇಳಿಬಿಟ್ಟಳು, ಅಣ್ಣಾಚಿಯ ವಿಷಯವನ್ನೂ ಸೇರಿಸಿ.

ಮೆಹರುನ್ನಿಸಾ ಟೀ ಲೋಟ ಕೆಳಗಿಟ್ಟಳು. "ಗೊತ್ತಿದ್ದೂ ಸುಮ್ಮನಿದ್ರಾ ಅಕ್ಕಾ? ನಾನು ಮನೇಲಿ ನಿಮ್ಮ ಬಗ್ಗೇನೇ ಹೇಳ್ತಿದ್ದೆ."

"ಬೈಯಮ್ಮ, ಬೈದುಬಿಡು."

"ಬೈದು ಏನು ಮಾಡ್ಲಿ? ಉಳಿದಿದ್ದನ್ನ ಕಲಿಸಿ," ಅಂದಳು.

ಉಳಿದ ದಿನಗಳಲ್ಲಿ ಕಯಲ್ ತನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದಳು. ತನ್ನ ಪರಿಚಯದವರಿಗೆಲ್ಲ ಫೋನ್ ಮಾಡಿದಳು. ಕೊಡೈಕೆನಾಲ್ ಕೋಣೆಯ ಕರೆ ಬರುವ ಮೊದಲೇ ಮೆಹರುನ್ನಿಸಾಗೆ ಕೊಯಮತ್ತೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆರೋಕ್ಯಮೇರಿ ಊರಿಗೆ ಹೋದಳು, ಅವಳಿಂದ ಮತ್ತೆ ಸುದ್ದಿಯಿಲ್ಲ. ಮಾತು ಹೊರಬಿದ್ದದ್ದು ತಿಳಿದು ವಸುಧಾರಿಣಿ ಕಯಲ್‌ಗೆ ಬರಬೇಕಿದ್ದ ಬಡ್ತಿ ತಡೆದಳು.

ಇಳಂಪರಿದಿ ಒಂದು ದಿನ ಊಟದ ಹಾಲಿನಲ್ಲಿ ಸಿಕ್ಕಾಗ ಕಯಲ್ ನೇರವಾಗಿ ಕೇಳಿದಳು. "ನಿಮಗೆ ಗೊತ್ತಿತ್ತಾ ಇದೆಲ್ಲಾ?"

"ಇಷ್ಟು ಜನ ಆದ್ಮೇಲೆ ಎಲ್ಲಾ ನನ್ನ ತನಕ ಬರಲ್ಲ ಅಕ್ಕಾ," ಅಂದ. ಅಮ್ಮನ ಆರೋಗ್ಯ ವಿಚಾರಿಸಿ ಹೋದ.

"ನಂಬ್ತೀಯಾ?" ಅಂದೆ ನಾನು.

"ಅಮ್ಮನ ಆರೋಗ್ಯ ಕೇಳಿದ್ದು ನಿಜ. ಇನ್ನೊಂದು ಮಾತು ಗೊತ್ತಿಲ್ಲ," ಅಂದಳು.

ಅವಳು ಈಗಲೂ ಅಲ್ಲೇ ಇದ್ದಾಳೆ. ಕೆಲಸ ಅವಳಿಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೋಮವಾರ ಹೊಸಬರು ಬಂದು ಕೂತರೆ ಕುರ್ಚಿ ಎಳೆದುಕೊಂಡು ಅವರ ಪಕ್ಕ ಹೋಗುತ್ತಾಳೆ. "ನಿಮ್ಮನ್ನ ಯಾಕೆ ತಗೊಂಡ್ರು ಅಂತ ಕೇಳಿದ್ರಾ? ಕೇಳಿಲ್ವಾ? ಹೋಗಿ, ಇವತ್ತೇ ಕೇಳ್ಕೊಂಡು ಬನ್ನಿ," ಅನ್ನುತ್ತಾಳೆ.