ಮಳೆ ಅಳೆಯಲು ಮೂರು ಮೈಲಿ

ನನ್ನ ಯಜಮಾನರು ಸೈಕಲ್ಲಿನಿಂದ ಬಿದ್ದು ಬಲಗಾಲು ಮುರಿದುಕೊಂಡದ್ದು ಮಾರ್ಚ್ ತಿಂಗಳ ಮೊದಲಲ್ಲಿ. ಗಾಳಿಬೀಡಿನ ರಸ್ತೆಯ ಒಂದು ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. ಎಮ್ಮೆಗೆ ಏನೂ ಆಗಲಿಲ್ಲ, ಸೈಕಲ್ಲಿನ ಹ್ಯಾಂಡಲ್ ಸ್ವಲ್ಪ ಸೊಟ್ಟಗಾಯಿತು, ಇವರ ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡಾಯಿತು. ಮೂಳೆ ಕಟ್ಟುವ ವೈದ್ಯರು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದು, ಆರು ವಾರ ನೆಲಕ್ಕೆ ಕಾಲಿಡಬಾರದೆಂದು ಹೇಳಿ, ಕಾಫಿ ಕುಡಿದು ಹೋದರು.

ಯಜಮಾನರು ಮೂರು ಮೈಲಿ ದೂರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಒಡೆಯ ಇಂಗ್ಲಿಷ್ ದೊರೆ. ಆಳುಗಳ ಹಾಜರಿ, ಸ್ಟೋರಿನ ಬೀಗದ ಕೈ, ಇವೆಲ್ಲದರ ಜೊತೆಗೆ ರೈಟರಿಗೆ ಇನ್ನೊಂದು ಕೆಲಸವಿತ್ತು: ದಿನಾ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಮಳೆ ಅಳೆಯುವುದು. ಸ್ಟೋರಿನ ಮುಂದೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ತಾಮ್ರದ ಡಬ್ಬಿಯೊಂದನ್ನು ನೆಲದಲ್ಲಿ ಹೂತಿದ್ದರು. ಅದರ ಬಾಯಿಗೆ ಆಲಿಕೆ, ಒಳಗೆ ಒಂದು ಬಾಟಲಿ. ಬಾಟಲಿಯಲ್ಲಿ ನಿಂತ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು ನೋಡಬೇಕು. ಇಂಚಿನಲ್ಲಿ ನೂರನೇ ಒಂದು ಪಾಲಿಗೆ ಒಂದು ಸೆಂಟು ಎನ್ನುತ್ತಾರೆ. ಕೊಡಗಿನಲ್ಲಿ ಇಬ್ಬರು ಎದುರಾದರೆ ಕ್ಷೇಮಸಮಾಚಾರಕ್ಕೆ ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದು ಕೇಳುವ ಕಾಲ ಅದು. ಈಗಲೂ ಹಾಗೆಯೇ ಇರಬೇಕು.

ಯಜಮಾನರು ಬಿದ್ದ ಮೂರನೆಯ ದಿನ ದೊರೆಯ ಚೀಟಿ ಬಂತು. ಅವರು ಓದಿ ನನ್ನ ಕೈಗೆ ಕೊಟ್ಟರು. ಚೀಟಿಯಲ್ಲಿ ಇದ್ದದ್ದು: ಕಾಲು ಬೇಗ ಗುಣವಾಗಲಿ, ಹಾಜರಿಯನ್ನು ನಾನು ಬಂಗಲೆಯಲ್ಲೇ ಕುಳಿತು ನೋಡಿಕೊಳ್ಳಬಲ್ಲೆ, ಈ ಮೂರು ದಿನ ಹೇಗೋ ಕಣಕ್ಕೆ ಇಳಿದು ಅಳೆದೆ, ಆದರೆ ನನ್ನ ಮಂಡಿನೋವಿನಲ್ಲಿ ದಿನಾ ಇಳಿಯಲಾರೆ, ಆಳುಗಳ ಮೇಸ್ತ್ರಿ ‘ಅರ್ಧ ಲೋಟ’ ಎನ್ನುವುದಕ್ಕಿಂತ ಹೆಚ್ಚು ಹೇಳಲಾರ, ಮಳೆಯ ಪುಸ್ತಕದಲ್ಲಿ ಈವರೆಗೆ ಒಂದು ದಿನವೂ ಖಾಲಿ ಬಿದ್ದಿಲ್ಲ, ಬೀಳುವುದಾದರೆ ಬೇರೆ ರೈಟರನ್ನು ನೋಡಬೇಕಾಗುತ್ತದೆ. ಇಷ್ಟನ್ನೂ ದುಂಡಾದ ಅಕ್ಷರದಲ್ಲಿ ಬಹಳ ಸಭ್ಯವಾಗಿ ಬರೆದಿದ್ದರು.

“ನೋಡುವುದೆಂತ, ನೋಡಿ ಆಗಿದೆ,” ಎಂದರು ಇವರು. “ಪಕ್ಕದ ತೋಟದ ರೈಟರ ಭಾವಮೈದುನ ಒಬ್ಬ ಕೆಲಸವಿಲ್ಲದೆ ಕೂತಿದ್ದಾನೆ.”

“ಅಳೆಯುವುದು ನಾನು ಹೋಗಿ ಅಳೆದರೆ ಆಗದಾ?”

“ನಡೆದು ಹೋಗಿ ಬರಲು ಎರಡು ಗಂಟೆ ಬೇಕು. ಮನೆಯಲ್ಲಿ ಹಾಲು ಕರೆಯುವುದು ಯಾರು, ನನ್ನನ್ನು ಎಬ್ಬಿಸಿ ಕೂರಿಸುವುದು ಯಾರು?”

“ನಡೆದು ಯಾರು ಹೋಗ್ತಾರೆ?” ಎಂದೆ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ಆ ಸೈಕಲ್ ನನ್ನ ಮಗನ ಕಾಲು ತಿಂತ್. ಇನ್ನು ಅದಕ್ಕೆ ಸೊಸೆಯ ಕಾಲೂ ಬೇಕಾ?”

ಸೈಕಲ್ ನನಗೆ ಹೊಸದಲ್ಲ. ತವರಿನಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಅಣ್ಣಂದಿರ ಸೈಕಲ್ ಕದ್ದು ಕಲಿತಿದ್ದೆ. ಗಂಡಸರ ಸೈಕಲ್ಲಾದ್ದರಿಂದ ಅಡ್ಡ ಕಂಬಿಯ ಕೆಳಗಿನಿಂದ ಬಲಗಾಲು ತೂರಿಸಿ, ಸೀಟಿಗೆ ಕೂರದೆ ನಿಂತೇ ತುಳಿಯಬೇಕು. ಮದುವೆಯಾಗಿ ಎರಡು ವರ್ಷ ಅದನ್ನು ಮುಟ್ಟಿರಲಿಲ್ಲ. ನಮ್ಮ ಕಡೆ ಸೀರೆಯ ನೆರಿಗೆ ಬೆನ್ನ ಹಿಂದೆ ಬರುತ್ತದೆ. ಅದು ಚಕ್ರಕ್ಕೆ ಸಿಕ್ಕದಂತೆ ಎತ್ತಿ ಬಾಳೆನಾರಿನಲ್ಲಿ ಸೊಂಟಕ್ಕೆ ಬಿಗಿದು ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆ.

ದೊರೆ ನನ್ನನ್ನು ಬಂಗಲೆಯ ವರಾಂಡದಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಿದರು. ಗಾಜಿನ ಲೋಟಕ್ಕೆ ಕುಡಿಯುವ ನೀರು ಸ್ವಲ್ಪ ಹಾಕಿ ಓದಲು ಹೇಳಿದರು. ನಾನು ಓದಿದ ಕಾನ್ವೆಂಟಿನಲ್ಲಿ ಔಷಧಿ ಕೊಠಡಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ನಮಗೆ ಅಳತೆ ಕಲಿಸಿದ್ದರು: ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿ, ಅಂಚಿನಲ್ಲಿ ಏರಿದ ನೀರನ್ನು ನೋಡಬೇಡ, ನಡುವಿನ ತಗ್ಗನ್ನು ನೋಡು. ನಾನು ಹಾಗೆ ಹಿಡಿದು “ಹದಿಮೂರು” ಎಂದೆ. ದೊರೆ ಕನ್ನಡಕ ಹಾಕಿಕೊಂಡು ತಾವೂ ನೋಡಿದರು. “ನಾಳೆ ಎಂಟಕ್ಕೆ,” ಎಂದರು.

ಅಲ್ಲಿಂದ ಶುರುವಾಯಿತು ನನ್ನ ಓಡಾಟ. ಮನೆಯಿಂದ ಮೊದಲ ಮೈಲಿ ಏರು, ಅಲ್ಲಿ ಸೈಕಲ್ಲನ್ನು ನಾನೇ ತಳ್ಳಬೇಕು. ಎರಡನೆಯದು ಸಮ. ಮೂರನೆಯದು ತೋಟಕ್ಕೆ ಇಳಿಯುವ ಕೆಂಪು ಮಣ್ಣಿನ ದಾರಿ, ಅಲ್ಲಿ ಸೈಕಲ್ಲೇ ನನ್ನನ್ನು ಎಳೆದೊಯ್ಯುತ್ತಿತ್ತು. ಯುದ್ಧದ ವರ್ಷಗಳಾದ್ದರಿಂದ ಪೆಟ್ರೋಲ್ ಸಿಗದೆ ಮೋಟಾರುಗಳ ಕಾಟವಿರಲಿಲ್ಲ. ಎದುರಿಗೆ ಬರುತ್ತಿದ್ದುದು ಗಾಳಿ ಮಾತ್ರ. ಬೋಳುಗುಡ್ಡದ ಬಳಿ ಅದು ಪಕ್ಕದಿಂದ ನುಗ್ಗಿದಾಗ ಸೈಕಲ್ಲಿನಿಂದ ಇಳಿದು ಅದನ್ನು ತಬ್ಬಿಕೊಂಡು ನಿಲ್ಲುತ್ತಿದ್ದೆ.

ಆ ದಿನಗಳ ಹವೆಯನ್ನು ನಂಬುವಂತಿರಲಿಲ್ಲ. ಹೊರಡುವಾಗ ಮಂಜು ಎಷ್ಟಿರುತ್ತಿತ್ತೆಂದರೆ ಮುಂದಿನ ಚಕ್ರದ ಆಚೆ ಏನೂ ಕಾಣದು, ರೆಪ್ಪೆಯ ಮೇಲೆ ಹನಿ ಕೂರುವುದು. ಅರ್ಧ ದಾರಿಯಲ್ಲಿ ಬಿಸಿಲು ಬಂದು ಬೆನ್ನು ಸುಡುವುದು. ಬರುವಾಗ ಎಲ್ಲಿಂದಲೋ ಒಂದು ಮೋಡ ಬಂದು ನನ್ನೊಬ್ಬಳ ಮೇಲೆ ಹತ್ತು ಹನಿ ಹಾಕಿ ಹೋಗುವುದು. ಒಂದು ದಿನ ಆಲಿಕಲ್ಲು ಬಿದ್ದು ಸೈಕಲ್ಲಿನ ಗಂಟೆ ತಾನಾಗಿ ಬಡಿದುಕೊಂಡಿತು. ಒದ್ದೆಯಾದ ದಿನ ಚೈನಿಗೆ ಹರಳೆಣ್ಣೆ ಹಾಕದೆ ಮಲಗುತ್ತಿರಲಿಲ್ಲ. ಮಳೆ ಬೀಳದ ದಿನವೂ ಹೋಗಲೇಬೇಕಿತ್ತು. ಖಾಲಿ ಬಾಟಲಿಯನ್ನು ಎತ್ತಿ ನೋಡಿ, ಪುಸ್ತಕದಲ್ಲಿ ಸೊನ್ನೆ ಬರೆದು ಬರಬೇಕು.

ದಾರಿಯ ಸಮತಟ್ಟಿನಲ್ಲಿ ಒಬ್ಬ ಅಜ್ಜ ತನ್ನ ಸಣ್ಣ ತೋಟದ ಬೇಲಿಗೆ ಒರಗಿ ಕಾಯುತ್ತಿದ್ದ. ಅವನಿಗೆ ನಾನು ಗೂಡೆ, ಅಂದರೆ ಹುಡುಗಿ.

“ಏ ಗೂಡೆ, ಎಷ್ಟು ಸೆಂಟು?”

“ಸೊನ್ನೆ ಅಜ್ಜ.”

“ಸೊನ್ನೆ ನೋಡಲು ಅಷ್ಟು ದೂರ ಹೋದೆಯಾ? ನನ್ನ ಕೇಳಿದ್ದರೆ ಇಲ್ಲಿಂದಲೇ ಹೇಳ್ತಿದ್ದೆ!”

ಅವನು ನಗಾಡಿದರೂ ಅವನ ಕಣ್ಣು ಗಿಡಗಳ ಮೇಲೆಯೇ ಇರುತ್ತಿತ್ತು. ಎಲ್ಲರೂ ಕಾಯುತ್ತಿದ್ದುದು ಹೂಮಳೆಗೆ. ಕಾಫಿ ಗಿಡದ ಮೊಗ್ಗು ಒಂದು ದೊಡ್ಡ ಮಳೆಗಾಗಿ ಬಾಯಿ ಮುಚ್ಚಿ ಕೂತಿರುತ್ತದೆ. ಒಂದು ಇಂಚು ಬಿದ್ದರೆ ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ದಿನಗಳಲ್ಲಿ ಹೂವಿಗೆ ಸೆರಗು ತಾಕಬಾರದೆಂದು ಆಳುಗಳನ್ನು ತೋಟದೊಳಗೆ ಬಿಡುವುದಿಲ್ಲ. ಮಳೆ ಕಡಿಮೆಯಾದರೆ ಮೊಗ್ಗು ಅರ್ಧ ಬಿರಿದು ಕರಟುತ್ತದೆ. ಯಾವ ದಿನ ಕೆಲಸ ನಿಲ್ಲಿಸಬೇಕು, ಮುಂದಿನ ಮಳೆಯ ಮೇಲೆ ಎಷ್ಟು ಆಸೆ ಇಡಬೇಕು, ಇದನ್ನೆಲ್ಲ ದೊರೆ ಆ ಪುಸ್ತಕದ ಅಂಕೆ ನೋಡಿಯೇ ತೀರ್ಮಾನಿಸುತ್ತಿದ್ದರು.

ನಾನು ಹೋಗಲು ಶುರು ಮಾಡಿದ ನಾಲ್ಕನೆಯ ವಾರ ಒಂದು ಮಧ್ಯಾಹ್ನ ಮೂಡಣದಿಂದ ಕಪ್ಪಗೆ ಮೋಡ ಎದ್ದಿತು. ಸಂಜೆಯ ಹೊತ್ತಿಗೆ ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ಮನೆಯೊಳಗೆ ಮಾತು ಕೇಳಿಸದಾಯಿತು. ಯಜಮಾನರು ಮಲಗಿದಲ್ಲೇ ಬೆರಳು ಮಡಚಿ “ಒಂದು ಇಂಚು ದಾಟಿತು ನೋಡು” ಎನ್ನುತ್ತಿದ್ದರು.

ಬೆಳಿಗ್ಗೆ ದಾರಿಯಲ್ಲಿ ಮೂರು ಕಡೆ ಮರ ಬಿದ್ದಿತ್ತು. ಎರಡನ್ನು ಬಳಸಿ ಹೋದೆ. ಮೂರನೆಯದು ಹಾಲುವಾಣದ ದೊಡ್ಡ ಮರ, ಮೈತುಂಬ ಮುಳ್ಳು, ಅತ್ತಿತ್ತ ಹೋಗಲು ಜಾಗವಿಲ್ಲ. ಸೈಕಲ್ಲನ್ನು ಎತ್ತಿ ಅದರ ಮೇಲೆ ಮಲಗಿಸಿ, ನಾನು ಆಚೆ ಇಳಿದು, ಎಳೆದುಕೊಂಡೆ. ರವಿಕೆಯ ತೋಳು ಹರಿಯಿತು. ಕಣ ಮುಟ್ಟಿದಾಗ ಸ್ಟೋರಿನ ಗಡಿಯಾರದಲ್ಲಿ ಎಂಟಕ್ಕೆ ಎರಡು ನಿಮಿಷ. ಆಳುಗಳೆಲ್ಲ ಮೇಸ್ತ್ರಿಯ ಜೊತೆ ಡಬ್ಬಿಯ ಸುತ್ತ ನಿಂತಿದ್ದರು.

ಬಾಟಲಿ ಬಾಯಿಯವರೆಗೆ ತುಂಬಿತ್ತು. ಒಂದು ಲೋಟ, ಐವತ್ತು. ಇನ್ನೊಂದು ಲೋಟ, ಐವತ್ತು. ಉಳಿದದ್ದು ಹದಿನಾರು.

“ಒಂದು ಇಂಚು ಹದಿನಾರು!” ಎಂದೆ. ಹೆಂಗಸರು ಕೇಕೆ ಹಾಕಿದರು. ಮೇಸ್ತ್ರಿ ತಲೆವಸ್ತ್ರ ಬಿಚ್ಚಿ ಬೀಸಿದ. ನನಗೂ ಸಂತೋಷದಲ್ಲಿ ಕೈ ನಿಲ್ಲಲಿಲ್ಲ. ತಾಮ್ರದ ಡಬ್ಬಿಯ ತಳದಲ್ಲಿ ಕೊಳೆ ನೀರು, ಒಂದೆರಡು ಸತ್ತ ಹುಳ ಕಂಡವು. ಕಿತ್ತು ಮಗುಚಿ ನೀರು ಚೆಲ್ಲಿದೆ.

ಚೆಲ್ಲಿದ ಮೇಲೆ ತಿಳಿಯಿತು. ಡಬ್ಬಿಯಲ್ಲಿ ನೀರು ಇರಬಾರದಿತ್ತು. ಹಳೆಯ ದೊಡ್ಡ ಬಾಟಲಿ ಒಡೆದು ಅದರ ಬದಲು ಸಣ್ಣದೊಂದನ್ನು ಇಟ್ಟಿದ್ದರು. ಅದು ತುಂಬಿದ ಮೇಲಿನ ಮಳೆಯೆಲ್ಲ ಉಕ್ಕಿ ಡಬ್ಬಿಗೆ ಬಿದ್ದಿತ್ತು. ಅದೂ ಮಳೆಯೇ. ಇಡೀ ವರ್ಷದಲ್ಲಿ ಮುಖ್ಯವಾದ ಮಳೆ, ನನ್ನ ಕಾಲಬುಡದಲ್ಲಿ ಮಣ್ಣಿಗೆ ಇಂಗುತ್ತಿತ್ತು.

“ಎಂತಾಯ್ತು ರೈಟರಮ್ಮ?” ಎಂದ ಮೇಸ್ತ್ರಿ. ಹೇಳಿದೆ. ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಹದಿನಾರು ಅಂತ ಬರೀರಿ. ಇಂಚು ದಾಟಿತಲ್ಲ, ಹೂ ಹೇಗೂ ಆಗ್ತದೆ. ಚೆಲ್ಲಿದ ನೀರು ಬಂದು ಸಾಕ್ಷಿ ಹೇಳ್ತದಾ?”

ಪೆನ್ಸಿಲ್ ಕೈಯಲ್ಲಿತ್ತು. ಹದಿನಾರು ಎಂದು ಬರೆದರೆ ಮನೆಗೆ ಹೋಗಬಹುದು. ಬರೆಯದಿದ್ದರೆ ಪುಸ್ತಕದಲ್ಲಿ ಆ ದಿನ ಖಾಲಿ, ಯಜಮಾನರ ಕೆಲಸವೂ ಅದರೊಂದಿಗೆ ಹೋದೀತು. ನಾನು ಬರೆಯಲಿಲ್ಲ. ಹಾಗೆಂದು ಖಾಲಿ ಬಿಟ್ಟು ಹೋಗುವ ಮನಸ್ಸೂ ಇರಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ನೀರು ನಿಂತಿದ್ದ ಎತ್ತರಕ್ಕೆ ತಾಮ್ರದ ಮೇಲೆ ಕೆಸರಿನ ತೆಳ್ಳನೆ ಗೆರೆಯೊಂದು ಸುತ್ತ ಉಳಿದಿತ್ತು. ಇನ್ನೂ ಆರಿರಲಿಲ್ಲ.

“ಯಾರೂ ಇದರ ಒಳಗೆ ಬೆರಳು ಹಾಕಬೇಡಿ,” ಎಂದೆ. ಡಬ್ಬಿ, ಬಾಟಲಿ, ಲೋಟ, ಪುಸ್ತಕ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಸೈಕಲ್ಲಿನ ಹಿಂದೆ ಕಟ್ಟಿ, ಬಂಗಲೆಯ ಏರಿನಲ್ಲಿ ಅಲುಗದಂತೆ ತಳ್ಳಿಕೊಂಡು ಹೋದೆ.

ದೊರೆ ತಿಂಡಿಯ ಮೇಜಿನಿಂದ ಎದ್ದು ಬಂದರು. “ಎಷ್ಟು?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಖ ಅರಳಿತ್ತು.

“ಬಾಟಲಿಯಲ್ಲಿ ಒಂದು ಇಂಚು ಹದಿನಾರು. ಡಬ್ಬಿಗೆ ಉಕ್ಕಿದ್ದನ್ನು ನಾನು ಅಳೆಯದೆ ಚೆಲ್ಲಿದೆ. ತಪ್ಪು ನನ್ನದು, ನನ್ನ ಗಂಡನದಲ್ಲ.”

ಮುಖ ಇಳಿಯಿತು. “ಹಾಗಾದರೆ ಇವತ್ತಿನ ಅಂಕೆ ಇಲ್ಲ.”

“ಹತ್ತು ನಿಮಿಷ ಕೊಟ್ಟರೆ ಇದೆ,” ಎಂದೆ. ನನ್ನ ದನಿಗೆ ನನಗೇ ಆಶ್ಚರ್ಯವಾಯಿತು. ಕೆಸರಿನ ಗೆರೆ ತೋರಿಸಿದೆ. ಅವರು ಬೇಡವೆನ್ನಲಿಲ್ಲ.

ವರಾಂಡದ ಮೆಟ್ಟಿಲಿನ ಮೇಲೆ ಸಮ ಜಾಗ ಹುಡುಕಿ ಡಬ್ಬಿ ಇಟ್ಟೆ. ಬಾಟಲಿಗೆ ನೀರು ತುಂಬಿ ಮೊದಲು ಅದನ್ನು ಒಳಗಿಟ್ಟೆ. ಬಾಟಲಿ ಜಾಗ ತಿನ್ನುತ್ತದೆ; ಅದಿಲ್ಲದೆ ಸುರಿದರೆ ಅಳತೆ ಹೆಚ್ಚು ಬರುತ್ತದೆ. ದೊರೆ ಬಗ್ಗಿ ಅದನ್ನು ಗಮನಿಸಿದ್ದು ಕಂಡಿತು. ಆಮೇಲೆ ಅಳತೆಯ ಲೋಟದಿಂದ ನೀರನ್ನು ಬಾಟಲಿಯ ಪಕ್ಕಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆ. ಗೆರೆ ಮುಟ್ಟಿದಾಗ ಲೋಟದಲ್ಲಿ ಕಡಿಮೆಯಾದದ್ದು ಮೂವತ್ತನಾಲ್ಕು ಸೆಂಟು. ಗೆರೆ ಅಳಿಯದಂತೆ ಡಬ್ಬಿಯ ನೀರನ್ನೆಲ್ಲ ಮೆಲ್ಲಗೆ ವಾಪಸು ಲೋಟಕ್ಕೆ ಸುರಿದು ಇನ್ನೊಮ್ಮೆ ಮಾಡಿದೆ. ಮೂವತ್ತಮೂರು.

“ಒಂದು ಸೆಂಟಿನ ವ್ಯತ್ಯಾಸ ಉಂಟು,” ಎಂದೆ.

“ಮೂವತ್ತಮೂರು ಹಾಕೋಣ. ಮಳೆಯ ವಿಷಯದಲ್ಲಿ ಆಸೆಬುರುಕರಾಗಬಾರದು.” ದೊರೆ ಪುಸ್ತಕ ತೆಗೆದುಕೊಂಡು ತಾವೇ ಬರೆದರು: ಒಂದು ಇಂಚು ನಲವತ್ತೊಂಬತ್ತು. ಪಕ್ಕದಲ್ಲಿ, ಮೂವತ್ತಮೂರು ಸೆಂಟು ಅಂದಾಜು, ಕಾರಣ ಇಂಥದು, ಎಂದು ಸಣ್ಣಗೆ ಸೇರಿಸಿದರು. ನನ್ನ ತಪ್ಪು ಆ ಪುಸ್ತಕದಲ್ಲಿ ಹಾಗೆ ಉಳಿಯಿತು. ದಿನ ಖಾಲಿ ಬೀಳಲಿಲ್ಲ.

“ನಿಮ್ಮ ಗಂಡನ ಕಾಲಿಗೆ ಇನ್ನೆಷ್ಟು ದಿನ ಬೇಕು?”

“ಎರಡು ವಾರ.”

“ಎರಡು ವಾರ ನೀವು ಬನ್ನಿ. ಆಮೇಲೆ ಅವರು ಬರಲಿ. ಬೇರೆಯವರಿಗೆ ನಾನು ಹೇಳಿಕಳಿಸುವುದಿಲ್ಲ.” ಪುಸ್ತಕ ನನ್ನ ಕೈಗೆ ಕೊಡುತ್ತಾ, “ದೊಡ್ಡ ಬಾಟಲಿ ಒಂದನ್ನು ಹುಡುಕಿಸುತ್ತೇನೆ,” ಎಂದರು.

ಮನೆಗೆ ಬಂದಾಗ ಹತ್ತು ಗಂಟೆ ದಾಟಿತ್ತು. ಅತ್ತೆ ಅಂಗಳದಲ್ಲೇ ನಿಂತಿದ್ದರು. ಹರಿದ ತೋಳು ನೋಡಿ, “ಕೈ ಹೋತಾ, ಕೆಲಸ ಹೋತಾ?” ಎಂದರು.

“ಎರಡೂ ಉಂಟು ಅತ್ತೆ.”

ಒಳಗೆ ಯಜಮಾನರು ಎಲ್ಲವನ್ನೂ ಕೇಳಿದರು. “ನಾನಾಗಿದ್ದರೆ ಹದಿನಾರು ಬರೆದು ಬಂದುಬಿಡ್ತಿದ್ದೆನೋ ಏನೋ,” ಎಂದರು.

“ಕೆಲಸ ನಿಮ್ಮದಲ್ಲವಾ, ನೀವು ಬರೆಯಬಹುದಿತ್ತು. ಬೇರೆಯವರ ಕೆಲಸ ಹೊತ್ತುಕೊಂಡು ಹೋದವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?”

ಅವರು ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಒಂಬತ್ತನೆಯ ದಿನ ತೋಟ ಹೂವಾಯಿತು. ಇಳಿಜಾರಿನಲ್ಲಿ ಆ ಪರಿಮಳ ಎದುರಿನಿಂದ ಬಂದು ಮುಖಕ್ಕೆ ಬಡಿಯುತ್ತಿತ್ತು, ಜೇನುಹುಳದ ಸದ್ದಿಗೆ ಚೈನಿನ ಕಿರುಗುಟ್ಟು ಕೇಳಿಸುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಎರಡು ಸಲ ತೊಯ್ದೆ, ಒಂದು ಸಲ ಕೆಸರಿನಲ್ಲಿ ಜಾರಿ ಮೊಣಕೈ ತರಚಿಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ದಬ್ಬೆ ಬಿಚ್ಚಿದ ಮೇಲೆ ಯಜಮಾನರು ಮೊದಲ ದಿನ ಎತ್ತಿನ ಗಾಡಿಯಲ್ಲಿ ಕೋಲು ಹಿಡಿದು ಕೆಲಸಕ್ಕೆ ಹೊರಟರು. ಗಾಡಿ ತಿರುವು ದಾಟುವವರೆಗೆ ನಾನು ಬೇಲಿಬಾಗಿಲಿನ ಉಣುಗೋಲಿನ ಬಳಿ ನಿಂತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ಕಲಸಿಟ್ಟಿದ್ದೆ, ಕರು ಕೂಗುತ್ತಿತ್ತು. ಆದರೂ ಗೋಡೆಯ ಗಡಿಯಾರ ಎಂಟು ಬಡಿಯುವವರೆಗೆ ಯಾವ ಕೆಲಸಕ್ಕೂ ಕೈ ಹಾಕಲು ನನ್ನಿಂದ ಆಗಲಿಲ್ಲ.