ಪಾಯಕ್ಕೆ ಬಿದ್ದ ಎಲೆಗಳು

ನನ್ನ ಒಂದು ದಿನದ ಜಾಣತನಕ್ಕೆ ಮೇಡಂ ತೆತ್ತ ಬೆಲೆ ಬಲಗೈ ಹೆಬ್ಬೆರಳಿನ ಉಗುರು. ಕಪ್ಪಗೆ ಕಂದಿ, ಬುಡ ಬಿಟ್ಟು, ವಾರದಲ್ಲಿ ಉದುರಿತು. ಮತ್ತೆ ಬೆಳೆದದ್ದು ಸೊಟ್ಟಗೆ.

ಅವರು ರಾಜಘಟ್ಟದ ಒಕ್ಕಲು ಮನೆಯವರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ದೊಡ್ಡಬಳ್ಳಾಪುರದಲ್ಲಿ ನನ್ನ ಸೀರೆ ಮಗ್ಗಗಳ ಹಿಂದಿನ ಶೆಡ್ಡು ಬಾಡಿಗೆಗೆ ಹಿಡಿದು, ಹಿಮಾಲಯದಿಂದ ತಂದ ಕಲ್ಲುಗಳನ್ನು ಪೇರಿಸಿಕೊಂಡಿದ್ದರು. ಅವುಗಳಲ್ಲಿ ಕೋಟ್ಯಂತರ ವರ್ಷದ ಹಿಂದಿನ ಎಲೆಗಳ ಅಚ್ಚು. ಚಳಿಯ ಕಾಡಿನಲ್ಲಿ ಅಂಚು ಹಲ್ಲುಹಲ್ಲಾದ ಎಲೆ ಹೆಚ್ಚು, ಸೆಕೆಯ ಕಾಡಿನಲ್ಲಿ ನುಣ್ಣನೆ ಅಂಚಿನದು. ಅವನ್ನು ಎಣಿಸಿದರೆ ಅಂದಿನ ಹವೆ ತಿಳಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚು; ಹಾಗಾಗಿ ಅದೇ ಕಾಲದ ಕಡಲತೀರದ ಎಲೆಗಳ ಜೊತೆ ಹೋಲಿಸಿದರೆ ಆ ನೆಲ ಆಗ ಎಷ್ಟು ಎತ್ತರದಲ್ಲಿತ್ತೆಂಬ ಅಂದಾಜೂ ಸಿಗುತ್ತದೆ.

"ಮಂಡಿ ಹೋಯ್ತಪ್ಪಾ, ಇನ್ನೊಂದ್ಸಲ ಆ ಬೆಟ್ಟ ಹತ್ತಕ್ಕಾಗಲ್ಲ. ಇರೋ ಕಲ್ಲೇ ಗತಿ" ಎನ್ನುತ್ತಿದ್ದರು.

ಅವರು ಊರಿಗೆ ಹೋಗಿದ್ದಾಗ, ಉಪಕಾರ ಮಾಡೋಣವೆಂದು ನಾನೇ ಕಲ್ಲು ವಿಂಗಡಿಸಿದೆ. ಸೀರೆ ವಿಂಗಡಿಸಿ ಪಳಗಿದ ಕೈ. ಅಗಲವಾದ, ಇಡಿಯಾದ ಎಲೆಗಳಿದ್ದವನ್ನು ಜೋಡಿಸಿಟ್ಟೆ. ಮುರುಕು, ಚೂರುಗಳನ್ನು ಹೊಸ ಮಗ್ಗದ ಪಾಯಕ್ಕೆ ತುಂಬಿಸಿದೆ.

ಮಾರನೆಯ ದಿನ ಕಾಂಕ್ರೀಟ್ ಕಲೆಸುವ ಹೊತ್ತಿಗೆ ಮೇಡಂ ಬಂದರು. ಕೂಗಾಡಲಿಲ್ಲ.

"ಚೆಂದದ್ದಷ್ಟೇ ಉಳಿಸಿದೀಯ. ಹಲ್ಲಿರೋ ಸಣ್ಣೆಲೆಗಳೆಲ್ಲ ಆ ಚೂರಲ್ಲಿದ್ವು. ಇವನ್ನಷ್ಟೇ ಎಣಿಸಿದ್ರೆ ಬೆಟ್ಟಾನೇ ಗಿಡ್ಡ ಆಗೋಗುತ್ತೆ ಕಣಪ್ಪಾ."

"ಒಂದ್ ಹತ್ತು ಚೂರು ತೆಗ್ಸಿಕೊಡ್ತೀನಿ ಮೇಡಂ, ಅಷ್ಟರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ."

"ಎಲೆ ಹತ್ರ ಚೌಕಾಸಿ ನಡಿಯಲ್ಲ" ಎಂದವರೇ ಸೆರಗು ಸಿಕ್ಕಿಸಿ, ಆ ಮಂಡಿಯಲ್ಲೇ ಗುಂಡಿಗೆ ಇಳಿದರು.

ಮೇಸ್ತ್ರಿ ನಕ್ಕ. "ಏನಮ್ಮಾ, ಬಂಗಾರ ಐತಾ ಒಳಗೆ?"

"ಬಂಗಾರ ಆಗಿದ್ರೆ ಪೇಟೇಲಿ ಸಿಗ್ತಿತ್ತಪ್ಪಾ. ಇದು ಸಿಗಲ್ಲ."

ಆಗಲೇ ಚಪ್ಪಡಿ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಬಟ್ಟೆಚೂರು ಸುತ್ತಿಕೊಂಡು ಮತ್ತೆ ಬಗ್ಗಿದರು. ಇನ್ನು ಗುಂಡಿಯ ಅಂಚಿನಲ್ಲಿ ನಿಂತು ನೋಡಲು ನನಗೆ ಮುಖವೆಲ್ಲಿ? ಕಾಂಕ್ರೀಟ್ ಕೆಲಸ ನಿಲ್ಲಿಸಿ ನಾನೂ ಇಳಿದೆ. ಮೇಸ್ತ್ರಿಯೂ ಇಳಿದ. ಸಂಜೆಗೆ ಕಡೆಯ ಚೂರೂ ಮೇಲೆ ಬಂತು.

ತಿಂಗಳುಗಟ್ಟಲೆ ಎಣಿಸಿದರು. ಬೆಟ್ಟ ನನ್ನ ಆಯ್ಕೆಯಲ್ಲಿ ಬರುತ್ತಿದ್ದಷ್ಟು ಗಿಡ್ಡ ಬರಲಿಲ್ಲ; ಅವರು ಆಸೆಪಟ್ಟಷ್ಟು ಎತ್ತರವೂ ಬರಲಿಲ್ಲ. "ಎಲೆ ಹೇಳಿದ್ದೇ ಲೆಕ್ಕ" ಎಂದು ಹಾಗೇ ಬರೆದರು.

ಹೋದ ವರ್ಷ ಮೇಡಂ ತೀರಿಕೊಂಡರು. ಅವರಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಮಾರುವಾಗ ಆರಿಸಿ, ತಿಳಿಯುವಾಗ ಆರಿಸಬೇಡಿ. ಸೀರೆ ಕೊಳ್ಳಲು ಹೋದರೆ ಮೇಲಿಟ್ಟದ್ದನ್ನು ನಂಬಬೇಡಿ, ಗಂಟಿನ ತಳದಿಂದ ಒಂದನ್ನು ಎಳೆದು ನೋಡಿ. ನನ್ನ ಅಂಗಡಿಗೆ ಬಂದರೂ ಹಾಗೇ ಮಾಡಿ.